ಫಿಸಿಕ್ಸ್‌ನವರ ಕೈಗೆ ಫೋರ್ಸೆಪ್ಸ್, ಬಯಾಲಜಿಯವರ ಕೈಗೆ ಕೋಡ್: ನನ್ನ ಅನುಭವ

ಭ್ರೂಣ ಬೆಳವಣಿಗೆಯ ಸಂಶೋಧನೆಗೆ ಬರುವ ಫಿಸಿಕ್ಸ್ ವಿದ್ಯಾರ್ಥಿಗೆ ಒಂದು ಸೆಮಿಸ್ಟರ್ ಬಯಾಲಜಿ, ಬಯಾಲಜಿಯವರಿಗೆ ಒಂದು ಸೆಮಿಸ್ಟರ್ ಗಣಿತ. ರೂಢಿಯ ಕ್ರಮ ಇದು. ಇಬ್ಬರೂ ಪಾಸಾಗುತ್ತಾರೆ, ಎರಡನೇ ವರ್ಷಕ್ಕೆ ತಂತಮ್ಮ ಗೂಡಿಗೆ ವಾಪಸ್. ನಾವು ಪಾಠವನ್ನೇ ತೆಗೆದುಹಾಕಿದೆವು. ಇಬ್ಬರ ಜೋಡಿ, ಸುಮಾರು ಹನ್ನೆರಡು ವಾರ, ಒಂದೇ ಪ್ರಶ್ನೆ: ಜೀಬ್ರಾಫಿಶ್ ಎಂಬ ಪುಟ್ಟ ಮೀನಿನ ಭ್ರೂಣದಲ್ಲಿ ಒಂದು ಸೋಮೈಟ್ (ಮುಂದೆ ಬೆನ್ನುಮೂಳೆ, ಸ್ನಾಯು ಆಗುವ ಅಂಗಾಂಶದ ತುಣುಕು) ಮೂಡಲು ಎಷ್ಟು ನಿಮಿಷ ಬೇಕು, ಆ ಅಂಕಿಯನ್ನು ಎಷ್ಟು ನಂಬಬಹುದು? ನಿಯಮವೂ ಒಂದೇ: ತನಗೆ ಬರುವ ಕೆಲಸವನ್ನು ಯಾರೂ ಮುಟ್ಟುವಂತಿಲ್ಲ. ಭ್ರೂಣ ಹಿಡಿಯುವುದು ಫಿಸಿಕ್ಸ್‌ನವರು, ಕೋಡ್ ಬರೆಯುವುದು ಬಯಾಲಜಿಯವರು.

ಭ್ರೂಣಗಳೆಲ್ಲ ಸಾಯುತ್ತವೆ ಎಂದು ನಕ್ಕವರಿದ್ದರು. ಶುರುವಿನಲ್ಲಿ ಅರ್ಧದಷ್ಟು ಸತ್ತದ್ದು ನಿಜ, ಆದರೆ ಮೊಟ್ಟೆ ಅಗ್ಗ. ಸಾಯುವುದಕ್ಕೆ ಕಾರಣಗಳೂ ಅವೇ ಮೂರು. 100 ಮಿ.ಮೀ. ಡಿಶ್‌ಗೆ ಐವತ್ತು ಅರವತ್ತರ ಮೇಲೆ ಮೊಟ್ಟೆ ತುಂಬುವುದು, ಸತ್ತವನ್ನು ಸಂಜೆಯೊಳಗೆ ಹೆಕ್ಕದಿರುವುದು, ಕೋರಿಯಾನ್ (ಮೊಟ್ಟೆಯ ಹೊರಪೊರೆ) ತೆಗೆದ ಎಳೆ ಭ್ರೂಣವನ್ನು ಬರಿ ಪ್ಲಾಸ್ಟಿಕ್ ಮೇಲೆ ಬಿಡುವುದು. ಡಿಶ್ ತಳಕ್ಕೆ 1% ಅಗರೋಸ್ ಜೆಲ್ಲಿ ಹಾಸಿ, ಪಿಪೆಟ್ ತುದಿಯನ್ನು ಬೆಂಕಿಯಲ್ಲಿ ನಯಮಾಡಿ, ಭ್ರೂಣ ನೀರಿನ ಮೇಲ್ಮೈಗೆ ತಾಗದಂತೆ ನೋಡಿಕೊಂಡರೆ ಉಳಿಯುತ್ತವೆ. ಇಮೇಜಿಂಗ್‌ಗೆ ಇಟ್ಟವಕ್ಕೆ ಇ3 ದ್ರಾವಣದಲ್ಲಿ (ಭ್ರೂಣ ಇಡುವ ಉಪ್ಪುನೀರು) ಬೂಸ್ಟು ತಡೆಯುವ ಮೆಥಿಲೀನ್ ಬ್ಲೂ ಬೇಡ, ಹಿನ್ನೆಲೆ ಬೆಳಗುತ್ತದೆ.

ಮೊದಲ ಎರಡು ವಾರ ಕ್ಯಾಮೆರಾ ಇಲ್ಲ. ಕಣ್ಣಿನಿಂದ ಸೋಮೈಟ್ ಎಣಿಸಬೇಕು. ಡಿಶ್ ಮೇಲೆ ಭ್ರೂಣದ ವಯಸ್ಸು ಎಷ್ಟು ಗಂಟೆ ಎಂದು ಬರೆದಿರಬಾರದು, ಜೊತೆಗಾರ ಸಂಕೇತ ಹಾಕಿ ಕೊಡಬೇಕು. ಒಂದೇ ಭ್ರೂಣಕ್ಕೆ ಇಬ್ಬರ ಲೆಕ್ಕದಲ್ಲಿ ಒಂದೆರಡು ವ್ಯತ್ಯಾಸ ಬಂದೇ ಬರುತ್ತದೆ. ಅಳತೆಯ ತಪ್ಪು ಎಂದರೇನು ಎಂದು ಬಯಾಲಜಿಯವರಿಗೆ ಬೋರ್ಡ್ ಮೇಲೆ ಹೇಳಬೇಕಾಗಿಲ್ಲ.

ಮುಂದೆ ಎಲ್ಲರೂ ಎಡವುವುದು ತಾಪಮಾನದಲ್ಲಿ. ಇನ್‌ಕ್ಯುಬೇಟರ್ 28.5 ಡಿಗ್ರಿ ಎನ್ನುತ್ತದೆ. ಮೈಕ್ರೋಸ್ಕೋಪಿನ ಆಬ್ಜೆಕ್ಟಿವ್ ಶಾಖ ಹೀರಿ ಡಿಶ್ ಒಳಗೆ 26.5ಕ್ಕೆ ಇಳಿಸಿರುತ್ತದೆ. ಬೆಳವಣಿಗೆಯ ವೇಗ = 0.055 × ತಾಪಮಾನ − 0.57 ಎಂಬ ಹಳೆಯ ಸೂತ್ರ ಹಾಕಿದರೆ ಸೋಮೈಟಿಗೆ 25 ನಿಮಿಷದ ಗಡಿಯಾರ 28 ಆಗುತ್ತದೆ. ಇಷ್ಟು ಸಾಕು, ಮಾಮೂಲಿ ಮೀನನ್ನು ನಿಧಾನಗತಿಯ ಮ್ಯೂಟಂಟ್ ಎಂದು ಘೋಷಿಸಿಬಿಡುತ್ತಾರೆ. ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ತುದಿ ಭ್ರೂಣದ ಪಕ್ಕದಲ್ಲೇ ಇರಲಿ, ಸ್ಟೇಜ್ ಮೇಲಲ್ಲ.

ಎರಡನೇ ಗುಂಡಿ ಚಿತ್ರಗಳ ನಡುವಿನ ಅಂತರ. ಬೆಳಕು ಉಳಿಸಲೆಂದು ಹರ್1 ರಿಪೋರ್ಟರ್ ಮೀನಿಗೆ (ಸೋಮೈಟ್ ಗಡಿಯಾರದ ಜೀನ್ ಏರಿಳಿದಂತೆ ಮಿನುಗುವ ಮೀನು) 20 ನಿಮಿಷಕ್ಕೊಂದು ಚಿತ್ರ ತೆಗೆಯುತ್ತಾರೆ. 25 ನಿಮಿಷದ ಆಂದೋಲನ ಆಗ 100 ನಿಮಿಷದ್ದಾಗಿ ಕಾಣುತ್ತದೆ, ನುಣುಪಾಗಿ, ಅನುಮಾನವೇ ಬಾರದಂತೆ. ನಾವು ಇದನ್ನು ಮೊದಲೇ ಹೇಳುವುದಿಲ್ಲ. 5 ನಿಮಿಷದ ದತ್ತಾಂಶದಲ್ಲಿ ನಾಲ್ಕಕ್ಕೊಂದು ಚಿತ್ರ ಮಾತ್ರ ಉಳಿಸಿ ಮತ್ತೆ ಗ್ರಾಫ್ ಹಾಕಿಸುತ್ತೇವೆ. ಕೋಡ್ ಬರೆದ ಬಯಾಲಜಿ ವಿದ್ಯಾರ್ಥಿ ಜನ್ಮಕ್ಕೆ ಮರೆಯುವುದಿಲ್ಲ. ಸಮಯಕ್ಕೆ ಎದುರಾಗಿ ಸೋಮೈಟ್ ಲೆಕ್ಕದ ರೇಖೆ ಹೊಂದಿಸುವಾಗ ಮೊದಲ ಐದಾರು ಸೋಮೈಟ್ ಬಿಡಿ. ಅವು ಬೇಗ ಮೂಡುತ್ತವೆ, ಇಳಿಜಾರು ಕೆಡುತ್ತದೆ.

ಫಿಸಿಕ್ಸ್‌ನವರ ಚಟ ಬೇರೆ: ಮೂರೇ ಭ್ರೂಣದ ಅಂಕಿಗೆ ಐದು ಪ್ಯಾರಾಮೀಟರ್‌ನ ಸೂತ್ರ ಹೊಂದಿಸುವುದು. ಒಂದೇ ತಾಯಿಯ ಹನ್ನೆರಡು ಮೊಟ್ಟೆಗಳು ಹನ್ನೆರಡು ಸ್ವತಂತ್ರ ಪ್ರಯೋಗಗಳಲ್ಲ ಎಂಬುದು ಅವರ ತಲೆಗೆ ಹೋಗಲು ಬೇರೆ ಬೇರೆ ದಿನದ ಮೊಟ್ಟೆಗಳ ಗ್ರಾಫ್ ಒಂದರ ಮೇಲೊಂದು ಹಾಕಿಸಬೇಕು. ಬೆಳಕೇ ತಾಕದ ಸಹೋದರ ಭ್ರೂಣಗಳು ಅದೇ ಡಿಶ್‌ನಲ್ಲಿ ಇರಲೇಬೇಕು. ಕೊನೆಯಲ್ಲಿ ಸೋಮೈಟ್ ಲೆಕ್ಕ ಹೋಲಿಸಿ ಲೇಸರ್ ಹಾನಿ ಮಾಡಿತೋ ಇಲ್ಲವೋ ಹೇಳಬಹುದು.

ದುಡ್ಡಿನ ವಿಷಯಕ್ಕೆ ಬಂದರೆ, ಮೀನಿಗಿಂತ ಡಿಸ್ಕ್ ದುಬಾರಿ. 2048 × 2048, 16 ಬಿಟ್ ಚಿತ್ರ ಒಂದಕ್ಕೆ ಎಂಟು ಚಿಲ್ಲರೆ ಎಂಬಿ. ಆಳಕ್ಕೆ 60 ಪದರ, 5 ನಿಮಿಷಕ್ಕೊಮ್ಮೆ, 10 ಗಂಟೆ ಎಂದರೆ ಒಂದು ಬಣ್ಣಕ್ಕೇ 60 ಜಿಬಿ ದಾಟಿತು. ಎರಡು ಪ್ರತಿ ಇಡಬೇಕು. ಮೊದಲ ಸಲದ ಬಜೆಟ್‌ನ ಮೂರನೇ ಒಂದು ಪಾಲು ಹೆಚ್ಚುಕಡಿಮೆ ಅಲ್ಲಿಗೇ ಹೋಯಿತು, ಉಳಿದದ್ದರಲ್ಲಿ ದೊಡ್ಡ ಪಾಲು ಕನ್ಫೋಕಲ್ (ಲೇಸರ್ ಮೈಕ್ರೋಸ್ಕೋಪ್) ಗಂಟೆಗಳಿಗೆ. ಈಗ ಸೋಮೈಟ್ ಗಡಿಗಳನ್ನು ಎಣಿಸಲು ಬ್ರೈಟ್‌ಫೀಲ್ಡ್ (ಮಾಮೂಲಿ ಬೆಳಕಿನ ಮೈಕ್ರೋಸ್ಕೋಪ್), ಕೆಲವೇ ಪದರ. ಕನ್ಫೋಕಲ್ ಕೊನೆಯ ಮೂರು ವಾರಕ್ಕೆ ಮಾತ್ರ. ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಭ್ರೂಣವನ್ನು ಅಗರೋಸ್‌ನಲ್ಲಿ ಹೂಳುವುದನ್ನೂ ಬಿಟ್ಟೆವು, ಬಾಲ ಬೆಳೆಯುವಾಗ ತಿರುಚಿಕೊಳ್ಳುತ್ತದೆ. ಅಗರೋಸ್‌ನಲ್ಲಿ ಶಂಕುವಿನ ಗುಳಿ ಒತ್ತಿ, ಭ್ರೂಣದ ಆಹಾರವಾದ ಹಳದಿ ಲೋಳೆಯ ಚೀಲ ಅದರೊಳಗೆ ಕೂರುವಂತೆ ಇಡುತ್ತೇವೆ. ಒಂದೇ ಓಟಕ್ಕೆ ಇಪ್ಪತ್ತರ ಹತ್ತಿರ ಭ್ರೂಣ. ಗುಳಿಯ ಕೋನ ಎಷ್ಟೆಂದು ಕೇಳಬೇಡಿ, ಅದು ಲ್ಯಾಬಿನ ಸ್ವತ್ತು. ಫಲಿತವಾದ ಸುಮಾರು 17ನೇ ಗಂಟೆಗೆ ಬಾಲ ಒದೆಯಲು ಶುರುವಾಗುತ್ತದೆ, ಅಷ್ಟರೊಳಗೆ ಪಿಎಚ್ 7ಕ್ಕೆ ತಂದ ಟ್ರೈಕೇನ್ ಎಂಬ ಅರಿವಳಿಕೆ ಸೇರಿಸಿ, ಲೀಟರಿಗೆ 160 ಮಿ.ಗ್ರಾಂ. ಆಸುಪಾಸು.

ನಡುವೆ ಗಣಿತಜ್ಞ ಟ್ಯೂರಿಂಗ್‌ನ, ಜೀವಿಗಳಲ್ಲಿ ವಿನ್ಯಾಸ ಹೇಗೆ ಮೂಡುತ್ತದೆ ಎನ್ನುವ 1952ರ ಸಮೀಕರಣಗಳನ್ನೂ ಕೊಟ್ಟು ನೋಡಿದೆವು. ಪರದೆ ಮೇಲೆ ಚುಕ್ಕಿ, ಪಟ್ಟೆ ನೋಡುತ್ತಾ ವಾರಗಟ್ಟಲೆ ಮೈಮರೆತರು, ಅಳೆಯಲು ಏನೂ ಸಿಗಲಿಲ್ಲ. ಕುಕ್ ಮತ್ತು ಝೀಮನ್ 1976ರಲ್ಲಿ ಇಟ್ಟ ಗಡಿಯಾರ-ಅಲೆಮುಂಚೂಣಿ ಮಾದರಿ (ಜೀವಕೋಶಗಳ ಗಡಿಯಾರದ ಪ್ರತಿ ಸುತ್ತಿಗೆ, ಬಾಲದ ಕಡೆ ಸರಿಯುವ ಮುಂಚೂಣಿಯಲ್ಲಿ ಒಂದೊಂದು ಸೋಮೈಟ್ ಮೂಡುತ್ತದೆ) ವಾಸಿ. ಒಬ್ಬರು ಭ್ರೂಣದವರು, ಇನ್ನೊಬ್ಬರು ಗಣಿತದವರು; ಸೋಮೈಟ್ ಉದ್ದ = ಅವಧಿ × ಮುಂಚೂಣಿಯ ವೇಗ, ಮೂರನ್ನೂ ಚಿತ್ರದಿಂದಲೇ ತೆಗೆಯಬಹುದು. ಮೀನಿನ ತೊಟ್ಟಿ ಇಲ್ಲದವರು ಕೋಳಿ ಭ್ರೂಣದಲ್ಲಿ ಮಾಡಿ: ಫಿಲ್ಟರ್ ಪೇಪರ್ ಉಂಗುರಕ್ಕೆ ಅಂಟಿಸಿ, 38 ಡಿಗ್ರಿ, ಸೋಮೈಟಿಗೆ 90 ನಿಮಿಷ. ಅವಸರವಿಲ್ಲ, ಆದರೆ ತೇವ ಆರಿದರೆ ಭ್ರೂಣ ಸುಕ್ಕಾಗುತ್ತದೆ. ಡಿಶ್ ಮುಚ್ಚಳದೊಳಗೆ ಒದ್ದೆ ಹತ್ತಿ ಇಡಿ.