ಕೊಡಗಿನಲ್ಲಿ ಸಾವಯವ ಆಲೂಗೆಡ್ಡೆ

ಜಡಿಮಳೆಯಲ್ಲಿ ನೆಟ್ಟರೆ ಬಿತ್ತನೆ ಗೆಡ್ಡೆ ಕೊಳೆಯುತ್ತದೆ. ಸೋಮವಾರಪೇಟೆ, ಕುಶಾಲನಗರದ ಕಡೆ ನೀರಿನ ಅನುಕೂಲವಿದ್ದರೆ ಮಳೆ ಇಳಿದ ಮೇಲೆ, ಅಕ್ಟೋಬರ್ ಕೊನೆಗೆ ನೆಡುವುದು ಕ್ಷೇಮ. ಮೊಳಕೆ ಬಂದ 40–50 ಗ್ರಾಂನ ಇಡೀ ಗೆಡ್ಡೆಯೇ ಉತ್ತಮ. ಕತ್ತರಿಸಿದರೆ ಪ್ರತಿ ಹೋಳಿಗೂ ಎರಡು ಕಣ್ಣು (ಮೊಳಕೆ ಹೊರಡುವ ಜಾಗ) ಇರಲಿ, ಗಾಯ ಒಣಗುವವರೆಗೆ ನೆರಳಲ್ಲಿ ಹರಡಿ. ಸಾಲಿನ ಅಂತರ 60, ಗೆಡ್ಡೆಯ ಅಂತರ 20 ಸೆಂ.ಮೀ. ಎಕರೆಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಟನ್.

ನಮ್ಮ ಹುಳಿಮಣ್ಣು ಈ ಬೆಳೆಗೆ ಒಗ್ಗುತ್ತದೆ. ಕಾಫಿ ತೋಟಕ್ಕೆ ಹಾಕಿದಂತೆ ಸುಣ್ಣ ಸುರಿದರೆ ಸಿಪ್ಪೆಗೆ ಕಜ್ಜಿರೋಗ ಬರುತ್ತದೆ.

ತಿಂಗಳಾದಾಗ ಬುಡಕ್ಕೆ ಮಣ್ಣೇರಿಸಿ; ಬಿಸಿಲು ತಾಗಿ ಹಸಿರಾದ ಗೆಡ್ಡೆ ತಿನ್ನಬಾರದು. ದೊಡ್ಡ ಶತ್ರು ಅಂಗಮಾರಿ, ಅಂದರೆ ಎಲೆ, ಕಾಂಡ ಕಪ್ಪಾಗಿ ಕೊಳೆಯುವ ರೋಗ. ಮಂಜು, ಮೋಡ ಕವಿದರೆ ರೋಗ ಕಾಣುವ ಮುನ್ನವೇ ಬೋರ್ಡೋ ದ್ರಾವಣವನ್ನು (10 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 100 ಗ್ರಾಂ) ಎಲೆಯಡಿಗೂ ಸಿಂಪಡಿಸಿ.