ಗ್ರಾಮಸಭೆ ಚೆನ್ನಾಗ್ ನಡೆಸೋದು ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಮಾತ್ರ ಅಲ್ಲ, ಇಡೀ ಆಫೀಸಿಗೆ ಬರ್ಬೇಕು: ಹೆಂಗ್ ಕಲ್ಸೋದು

ಮಂಡ್ಯ ಕಡೆ ಯಾವ್ದಾದ್ರೂ ಊರಲ್ಲಿ ಗ್ರಾಮಸಭೆ ಹೆಂಗ್ ನಡೀತದೆ ಅಂತ ಕೇಳಿ ನೋಡಿ, "ಹಿಂದಿನ್ ಪಿಡಿಒ ಇದ್ದಾಗ ಚೆನ್ನಾಗ್ ನಡೀತಿತ್ತು ಸಾ, ಈಗ ಸಹಿ ಹಾಕುಸ್ಕೊಂಡ್ ಕಳುಸ್ತಾರೆ" ಅಂತಾರೆ. ತೊಂದ್ರೆ ಇರೋದೇ ಅಲ್ಲಿ. ಜನರ ಜೊತೆ ಕೂತು ಕೆಲಸ ಮಾಡೋ ಕಲೆ ಒಬ್ಬ ಆಫೀಸರ್ ಹತ್ರ ಇರುತ್ತೆ, ಅವ್ರಿಗೆ ವರ್ಗಾವಣೆ ಆದ್ರೆ ಕಲೆನೂ ಜೀಪ್ ಹತ್ಕೊಂಡ್ ಹೋಗ್ಬಿಡುತ್ತೆ. ಹಂಗಾಗಿ ಇದನ್ನ ಪಿಡಿಒಗಳಿಗೆ, ಕಾರ್ಯದರ್ಶಿಗಳಿಗೆ, ತಾಲ್ಲೂಕ್ ಪಂಚಾಯ್ತಿಲಿ ಇರೋರಿಗೆ ಅಂತ ಬರೀತಿದೀನಿ, ಪಾಲಿಕೆಯವ್ರಿಗೂ ಅರ್ಧಕ್ಕರ್ಧ ಅನ್ವಯ ಆಗುತ್ತೆ.

ಮೊದಲ್ನೇ ಕೆಲಸ ಸಭೆಗೂ ಮುಂಚೆ, ಆಫೀಸ್ ಒಳಗೇ. ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೀರಿ, ಒಂದು ಕಡೆ "ಆಗಲೇ ತೀರ್ಮಾನ ಆಗಿರೋದು", ಇನ್ನೊಂದು ಕಡೆ "ಇನ್ನೂ ತೀರ್ಮಾನ ಆಗ್ದೇ ಇರೋದು" ಅಂತ ಬರೀರಿ. ಓವರ್‌ಹೆಡ್ ಟ್ಯಾಂಕಿಗೆ ಜಾಗ ಗೊತ್ತಾಗಿ ಟೆಂಡರ್ ಆಗೋಗಿದೆ ಅಂದ್ರೆ "ಟ್ಯಾಂಕ್ ಎಲ್ಲಿ ಕಟ್ಟೋಣ" ಅಂತ ಜನರನ್ನ ಕೇಳೋಕೇ ಹೋಗ್ಬೇಡಿ. ಅವ್ರು ಉತ್ತರ ಕೊಡ್ತಾರೆ, ನೀವು ಕೇಳಲ್ಲ, ಮುಂದಿನ್ ಸಭೆಗೆ ಬರಲ್ಲ, ಅಷ್ಟೇ. ಆದ್ರೆ ಪೈಪ್‌ಲೈನ್ ಯಾವ್ ಬೀದಿಗೆ ಮೊದ್ಲು, ನೀರು ಬೆಳಿಗ್ಗೆ ಬಿಡ್ಬೇಕಾ ಸಾಯಂಕಾಲನಾ, ಇದೆಲ್ಲ ಇನ್ನೂ ಖಾಲಿ ಇದೆ ಅಲ್ವಾ, ಅದನ್ನ ಕೇಳಿ.

ಇದ್ರ ಬಗ್ಗೆ ಹೊರಗಡೆ ದೇಶದಲ್ಲಿ ದೊಡ್ಡ ಚರ್ಚೆನೇ ಆಗಿದೆ. ಶೆರಿ ಅರ್ನ್‌ಸ್ಟೈನ್ ಅನ್ನೋರು ಅಮೆರಿಕಾದಲ್ಲಿ 1969ರಲ್ಲೇ ಎಂಟು ಮೆಟ್ಲಿನ ಒಂದು ಏಣಿ ಬರೆದಿದ್ರು, ಅದ್ರ ಕೆಳಗಿನ ಎರಡು ಮೆಟ್ಲು ಭಾಗವಹಿಸುವಿಕೆನೇ ಅಲ್ಲ, ಬರೀ ಜನರನ್ನ ತಮ್ಮ ದಾರಿಗೆ ತಿರುಗಿಸ್ಕೊಳ್ಳೋದು ಅಂತ. ಈಗ ಬಹಳ ಕಡೆ ಐದು ಹಂತ ಹೇಳ್ತಾರೆ: ತಿಳಿಸೋದು, ಅಭಿಪ್ರಾಯ ಕೇಳೋದು, ಒಳಗೆ ಸೇರಿಸ್ಕೊಳೋದು, ಜೊತೆಗೂಡಿ ಮಾಡೋದು, ತೀರ್ಮಾನನೇ ಅವ್ರ ಕೈಗೆ ಕೊಡೋದು. ನಮ್ಮ ಆಫೀಸಿಗೆ ಮೂರು ಸಾಕು ಅನ್ಸುತ್ತೆ ನಂಗೆ, ಹೇಳೋಕ್ ಕರ್ದಿದೀವಾ, ಕೇಳೋಕ್ ಕರ್ದಿದೀವಾ, ಒಟ್ಟಿಗ್ ತೀರ್ಮಾನ ಮಾಡೋಕ್ ಕರ್ದಿದೀವಾ. ಪ್ರತಿ ವಿಷಯದ ಮುಂದೆ ಇದ್ರಲ್ಲಿ ಒಂದನ್ನ ಬರೆದು ಸಭೆ ಶುರುವಲ್ಲೇ ಓದ್ಬಿಡಿ. ಬರೀ ಹೇಳೋಕ್ ಕರ್ದಿದೀವಿ ಅಂದ್ರೂ ಜನ ಬೈಯಲ್ಲ, ಸುಳ್ಳು ಹೇಳಿದ್ರೆ ಬೈತಾರೆ.

ಎರಡ್ನೇದು, ಯಾರಿಗೆ ಕಲ್ಸೋದು ಅಂತ. ಎಲ್ರೂ ಪಿಡಿಒನ ತರಬೇತಿಗೆ ಕಳ್ಸಿ ಮುಗೀತು ಅನ್ಕೋತಾರೆ. ಊರಲ್ಲಿ ಉಳಿಯೋರು ಯಾರು? ನೀರುಗಂಟಿ, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ಲೈಬ್ರರಿ ನೋಡ್ಕೊಳ್ಳೋರು. ಇವರ ಜೊತೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸ್ತ್ರೀಶಕ್ತಿ ಸಂಘದೋರು. ಯಾವ್ ಮನೇಲಿ ಯಾರ್ ಮಾತಾಡ್ತಾರೆ, ಯಾರ್ ಮಾತಾಡಕ್ಕೆ ಹೆದರ್ತಾರೆ ಅಂತ ಗೊತ್ತಿರೋದೂ ಇವ್ರಿಗೇನೇ. ಹಂಗಾಗಿ ಸಭೆ ಕೆಲಸನ ನಾಲ್ಕು ಭಾಗ ಮಾಡಿ: ಸಭೆ ನಡೆಸೋರು, ಎಲ್ರಿಗೂ ಕಾಣೋ ಹಂಗೆ ಚಾರ್ಟ್ ಮೇಲೆ ಬರೆಯೋರು, ಬಾಗಿಲ ಹತ್ರ ನಿಂತು ಬಂದೋರ್ನ ಮಾತಾಡ್ಸಿ ಹಿಂದೆ ಕೂರೋರ್ನ ಮುಂದಕ್ಕೆ ಕರ್ಕೊಂಡ್ ಬರೋರು, ಆಮೇಲೆ ಉತ್ತರ ಬೆನ್ನು ಹತ್ತೋರು. ಪ್ರತಿ ಸಭೇಲೂ ಕೆಲಸ ಅದಲು ಬದಲು ಮಾಡಿ, ವರ್ಷ ಎರಡು ವರ್ಷ ಕಳೆಯೋ ಹೊತ್ತಿಗೆ ಪಿಡಿಒ ಯಾರೇ ಬರ್ಲಿ ನಡೆಸೋಕ್ ಬರೋರು ಆಫೀಸಲ್ಲೇ ಇರ್ತಾರೆ.

ತರಬೇತಿಗೆ ಮೈಸೂರಿಗಿಂತ ಅನುಕೂಲದ ಜಾಗ ಇಲ್ಲ ಬಿಡಿ. ಆಡಳಿತ ತರಬೇತಿ ಸಂಸ್ಥೆ, ಗ್ರಾಮೀಣಾಭಿವೃದ್ಧಿಯ ಅಬ್ದುಲ್ ನಜೀರ್ ಸಾಬ್ ಸಂಸ್ಥೆ, ಎರಡೂ ಇಲ್ಲೇ ಲಲಿತಮಹಲ್ ರಸ್ತೆ ಕಡೆ ಇವೆ. (80ರ ದಶಕದಲ್ಲಿ ಊರೂರಿಗೆ ಬೋರ್‌ವೆಲ್ ಹಾಕ್ಸಿ "ನೀರ್ ಸಾಬ್" ಅನ್ನಿಸ್ಕೊಂಡ ಮಂತ್ರಿ ಅವ್ರು, ಪಂಚಾಯ್ತಿಗೆ ಅಧಿಕಾರ ಕೊಡ್ಬೇಕು ಅಂತ ಹೋರಾಡಿದೋರು.) ಕಾನೂನು, ಯೋಜನೆ, ಲೆಕ್ಕ ಇದನ್ನೆಲ್ಲ ಕ್ಲಾಸಲ್ಲಿ ಕೂತು ಕಲೀಬಹುದು. ಆದ್ರೆ ನೀರಿಲ್ದೇ ಸಿಟ್ಟಾಗಿ ಬಂದಿರೋ ಮನುಷ್ಯನ ಎದುರು ಏನ್ ಮಾತಾಡೋದು ಅನ್ನೋದು ಪಿಪಿಟಿ ನೋಡಿ ಬರಲ್ಲ.

ಅದಕ್ಕೆ ಸಭೆಗೆ ಎರಡು ದಿನ ಮುಂಚೆ ಆಫೀಸಲ್ಲೇ ಒಂದು ಗಂಟೆ ತಾಲೀಮು ಮಾಡಿ. ಬಿಲ್ ಕಲೆಕ್ಟರ್ ಅಣ್ಣನೇ ಸಿಟ್ಟಿನ ರೈತ ಆಗ್ಲಿ, ಅವ್ರಷ್ಟು ಬೈಗುಳ ಕೇಳಿರೋರು ಆಫೀಸಲ್ಲಿ ಇನ್ಯಾರೂ ಇಲ್ಲ, ಭಾಳ ಚೆನ್ನಾಗ್ ಮಾಡ್ತಾರೆ. ಎದುರಿಗೆ ಕೂತೋರು ಮೊದ್ಲು ಪೂರ್ತಿ ಕೇಳ್ಬೇಕು, ನಡುವೆ ಬಾಯ್ ಹಾಕಂಗಿಲ್ಲ. ಆಮೇಲೆ "ನಿಮ್ ಬೀದಿಗೆ ಒಂದು ವಾರದಿಂದ ನೀರ್ ಬಂದಿಲ್ಲ, ಫೋನ್ ಮಾಡಿದ್ರೆ ಯಾರೂ ಎತ್ತಿಲ್ಲ, ಇಷ್ಟೇನಾ ಅಣ್ಣ?" ಅಂತ ವಾಪಸ್ ಹೇಳ್ಬೇಕು. ಇದೊಂದ್ ಬಂದ್ರೆ ಅರ್ಧ ಗಲಾಟೆ ಇಳಿಯುತ್ತೆ. ಇನ್ನೊಂದು ಅಭ್ಯಾಸ, ಗೊತ್ತಿಲ್ದೇ ಇದ್ದಿದ್ದಕ್ಕೆ "ನೋಡೋಣ, ಮಾಡೋಣ" ಅನ್ನೋದನ್ನ ಬಿಡೋದು. "ಇದು ನಂಗ್ ಗೊತ್ತಿಲ್ಲ, ಇಂಜಿನಿಯರ್ (ಎಇಇ) ಅವ್ರನ್ನ ಕೇಳಿ ಶುಕ್ರವಾರ ಬೋರ್ಡಲ್ಲಿ ಹಾಕ್ತೀನಿ" ಅಂತ ದಿನ ಸಮೇತ ಹೇಳಿ. ಬಾಯಿಗೆ ಬರೋಕೆ ಕಷ್ಟನೇ, ಅದಕ್ಕೇ ತಾಲೀಮು.

ಈಗ ಸಭೆಗೆ ಬರೋಣ. ಕಾನೂನು ಪ್ರಕಾರ 6 ತಿಂಗಳಿಗೆ ಒಂದ್ ಸಲನಾದ್ರೂ ಗ್ರಾಮಸಭೆ ಆಗ್ಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆ. ವಾರ್ಡ್ ಸಭೆನ ಪುಸ್ತಕದಲ್ಲೇ ಮುಗಿಸೋ ಪಂಚಾಯ್ತಿಗಳು ಇವೆ, ಅಲ್ಲಿ ಗ್ರಾಮಸಭೆ ಯಾಕೆ ಜಗಳ ಆಗುತ್ತೆ ಅಂತ ಕೇಳ್ಲೇಬೇಕಾಗಿಲ್ಲ. ಬೀದಿ ಮಟ್ಟದ ಮಾತು ಬೀದೀಲೇ ಆಗೋಗ್ಬೇಕು.

ಟೈಮ್ ನೋಡಿ ಇಡಿ. ವಿಶ್ವೇಶ್ವರಯ್ಯ (ವಿಸಿ) ನಾಲೇಲಿ ನೀರ್ ಬಿಟ್ಟಿದಾರೆ, ಗದ್ದೆ ನಾಟಿ ನಡೀತಿದೆ, ಆವಾಗ ಬೆಳಿಗ್ಗೆ 11 ಗಂಟೆಗೆ ಸಭೆ ಕರೆದು ಜನಕ್ಕೆ ಆಸಕ್ತಿ ಇಲ್ಲ ಅಂತ ನಡಾವಳಿ ಬರೆಯೋದು ಅನ್ಯಾಯ. ಗಾರ್ಮೆಂಟ್ಸ್ ಬಸ್ ಹತ್ತೋ ಹೆಣ್ಮಕ್ಳು ಇರೋ ಊರಲ್ಲಿ ಭಾನುವಾರನೇ ಇಡ್ಬೇಕು. ಜಾಗ ಅಂತೂ ಇನ್ನೂ ಮುಖ್ಯ: ಎಲ್ರೂ ಒಳಗೆ ಬರೋಕಾಗ್ದೇ ಇರೋ ದೇವಸ್ಥಾನದ ಮುಂದೆ ಬೇಡ, ದೊಡ್ಡೋರ ಮನೆ ಜಗಲಿ ಬೇಡ, ಸ್ಕೂಲ್ ಮೈದಾನ ಸಾಕು. ಎಚ್.ಡಿ.ಕೋಟೆಯ ಆದಿವಾಸಿ ಹಾಡಿಗಳಿಗೆ ನೀವೇ ಹೋಗಿ ಕೂರಿ, ಜೇನುಕುರುಬರು ಕೂಲಿ ಬಿಟ್ಟು ಪಂಚಾಯ್ತಿ ಆಫೀಸ್‌ವರೆಗೂ ಬಂದು ಮೈಕಲ್ಲಿ ಮಾತಾಡ್ತಾರೆ ಅಂತ ಕಾಯ್ಬೇಡಿ. ಪ್ರಚಾರಕ್ಕೆ ವಾಟ್ಸಾಪ್ ಗ್ರೂಪ್ ಒಂದನ್ನೇ ನಂಬ್ಬೇಡಿ, ತಮಟೆ ಹೊಡ್ಸಿ, ಕಸದ ಗಾಡಿ ಮೈಕಲ್ಲಿ ಹೇಳ್ಸಿ, ಹಾಲಿನ ಡೈರಿ ಗೋಡೆಗೆ ಚೀಟಿ ಅಂಟಿಸಿ. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಕಾಟಾಚಾರಕ್ಕೆ ಮಾಡ್ಬೇಡಿ, ಹೊಸ ಸಿಬ್ಬಂದಿಗೆ ನಡೆಸೋದು ಕಲ್ಸೋಕೆ ಮಕ್ಕಳ ಸಭೆಗಿಂತ ಒಳ್ಳೇದು ಸಿಗಲ್ಲ, ಯಾಕಂದ್ರೆ ಮಕ್ಳು ಸುತ್ತಿ ಬಳಸಿ ಮಾತಾಡಲ್ಲ, ಟಾಯ್ಲೆಟ್ಟಿಗೆ ಬಾಗ್ಲಿಲ್ಲ ಅಂದ್ರೆ ಬಾಗ್ಲಿಲ್ಲ.

ಸಭೆ ಒಳಗೆ ಎರಡೇ ದೊಡ್ಡ ಕಂಟಕ. ಒಂದು, ಮೈಕ್ ಹಿಡ್ದು ಬಿಡ್ದೇ ಇರೋ ನಾಲ್ಕು ಜನ. ಅದಕ್ಕೆ ಮೈಕ್ ಕೊಡೋದಕ್ಕೂ ಮುಂಚೆ ಬೀದಿ ಪ್ರಕಾರ ಹತ್ತತ್ತು ಜನ ಗುಂಪಾಗಿ ಕೂತು ಕಾಲು ಗಂಟೆ ಮಾತಾಡ್ಲಿ, ಗುಂಪಿಗೊಬ್ರು ಎದ್ದು ಮೂರು ವಿಷಯ ಹೇಳ್ಲಿ, ಹೆಂಗಸರ ಗುಂಪು ಮೊದ್ಲು. ಎರಡ್ನೇದು ಮನೆ ಪಟ್ಟಿ. ವಸತಿ ಫಲಾನುಭವಿ ಆಯ್ಕೆ ಗ್ರಾಮಸಭೇಲೇ ಆಗ್ಬೇಕಲ್ಲ, ಅದೊಂದ್ ವಿಷಯ ಇಡೀ ಸಭೇನೇ ನುಂಗ್ಬಿಡುತ್ತೆ, ಕುಡಿಯೋ ನೀರು, ಚರಂಡಿ, ಕ್ರಿಯಾ ಯೋಜನೆ (ವರ್ಷದ ಕೆಲಸಗಳ ಪಟ್ಟಿ) ಏನೂ ಬರಲ್ಲ. ಅರ್ಜಿ ಹಾಕಿರೋರ ಪಟ್ಟಿನ ಒಂದು ವಾರ ಮುಂಚೆನೇ ಬೋರ್ಡಿಗೆ ಹಾಕಿ, ಆಕ್ಷೇಪಣೆ ಬರವಣಿಗೇಲಿ ತಗೊಳ್ಳಿ, ಸಭೇಲಿ ಅದನ್ನ ಕೊನೇಗೆ ಇಡಿ. ಜನ ಕೊನೇವರೆಗೂ ಕೂತ್ಕೋತಾರೆ ಕೂಡ, ಅದೊಂದು ಲಾಭ.

ಆಮೇಲಿನ ಕೆಲಸನ ಯಾರೂ ಮಾಡಲ್ಲ. ಒಂದು ರಿಜಿಸ್ಟರ್ ಮಾಡಿ: ಏನ್ ಕೇಳಿದ್ರು, ಆಗುತ್ತಾ ಆಗಲ್ವಾ ಇಲ್ಲ ಮೇಲಕ್ಕೆ ಕಳ್ಸಿದ್ದಾ, ಯಾಕೆ, ಯಾವಾಗ. ಹದಿನೈದು ದಿನದೊಳಗೆ ಇದ್ರ ಪ್ರತಿ ಪಂಚಾಯ್ತಿ ಬೋರ್ಡು, ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ ಮೂರೂ ಕಡೆ ಹಾಕಿ, ಡೈರಿಗೆ ಬೆಳಿಗ್ಗೆ ಸಾಯಂಕಾಲ ಊರೆಲ್ಲ ಬರುತ್ತೆ. "ಆಗಲ್ಲ" ಅನ್ನೋ ಉತ್ತರನೂ ಬರೀರಿ, ಕಾರಣ ಸಮೇತ. ಮುಂದಿನ್ ಸಭೆ ಶುರು ಆಗೋದೇ ಈ ರಿಜಿಸ್ಟರ್ ಓದೋದ್ರಿಂದ. ಮೈಸೂರಿಗೆ ಇದು ಹೊಸ ವಿಷ್ಯನೂ ಅಲ್ಲ, 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ ಆ ಸಭೆಗೆ ಕಾನೂನು ಮಾಡೋ ಅಧಿಕಾರನೇ ಇರ್ಲಿಲ್ಲ, ಆದ್ರೂ ದಸರಾ ಟೈಮಲ್ಲಿ ದಿವಾನರು ಪ್ರತಿನಿಧಿಗಳ ಮುಂದೆ ನಿಂತು ಆಡಳಿತದ ಲೆಕ್ಕ ಒಪ್ಪಿಸ್ತಿದ್ರು. ಈಗಿನ ಗ್ರಾಮಸಭೆಗೆ ಸಂವಿಧಾನದ್ದೇ ಬಲ ಇದೆ, ಓದೋಕೆ ನಮಗ್ಯಾಕೆ ಸಂಕೋಚ.

ಪಾಲಿಕೆ ವಿಷ್ಯ ಸ್ವಲ್ಪ ಬೇರೆ. 3 ಲಕ್ಷ ಇಲ್ಲ ಅದಕ್ಕಿಂತ ಹೆಚ್ಚು ಜನ ಇರೋ ನಗರದಲ್ಲಿ ವಾರ್ಡ್ ಸಮಿತಿ ಇರ್ಬೇಕು ಅಂತ ಸಂವಿಧಾನದ 243ಎಸ್ ಹೇಳುತ್ತೆ, ಆ ಲೆಕ್ಕಕ್ಕೆ ಮೈಸೂರು ಬರುತ್ತೆ, ಮಂಡ್ಯ ನಗರ ಬರಲ್ಲ. ಬರಲ್ಲ ಅಂತ ಸುಮ್ನೆ ಕೂರ್ಬೇಕಾಗಿಲ್ಲ, ಹೆಲ್ತ್ ಇನ್ಸ್‌ಪೆಕ್ಟರು ಪೌರಕಾರ್ಮಿಕರನ್ನ ಜೊತೇಲಿ ಕರ್ಕೊಂಡು ಬೆಳಿಗ್ಗೆ ಪಾರ್ಕಲ್ಲೇ ಒಂದು ಬೀದಿ ಸಭೆ ಮಾಡ್ಬಹುದು.

ಮೇಲಿನ ಆಫೀಸರ್‌ಗಳಿಗೆ ಒಂದ್ ಮಾತು. ರಿವ್ಯೂ ಮೀಟಿಂಗಲ್ಲಿ "ಗ್ರಾಮಸಭೆ ಆಯ್ತಾ, ಫೋಟೋ ಅಪ್ಲೋಡ್ ಆಯ್ತಾ" ಅಂತ ಕೇಳಿದ್ರೆ ನಿಮಗೆ ಫೋಟೋನೇ ಸಿಗೋದು. "ಸಭೆಯಿಂದ ಕ್ರಿಯಾ ಯೋಜನೇಲಿ ಏನ್ ಬದಲಾಯ್ತು" ಅಂತ ಕೇಳಿ. ಪಕ್ಕದ ಪಂಚಾಯ್ತಿ ಸಭೆಗೆ ಇಬ್ರು ಸಿಬ್ಬಂದಿನ ಕಳ್ಸಿ, ಹಿಂದೆ ಕೂತು ನೋಡ್ಕೊಂಡ್ ಬರ್ಲಿ, ಸಭೆಗೆ ನೇಮಿಸಿರೋ ನೋಡಲ್ ಅಧಿಕಾರಿ ಒಂದು ಪುಟ ಬರೀಲಿ. ವರ್ಗಾವಣೆ ಆಗೋ ಪಿಡಿಒ ಚಾರ್ಜ್ ಕೊಡುವಾಗ ಕ್ಯಾಶ್ ಬುಕ್ ಜೊತೆ ಈ ಉತ್ತರದ ರಿಜಿಸ್ಟರೂ ಕೊಡ್ಬೇಕು ಅಂತ ತಾಲ್ಲೂಕ್ ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಹೇಳ್ಬಿಟ್ರೆ ಸಾಕು.

ಶುರು ಮಾಡೋರು ಸ್ಮಶಾನ, ಒತ್ತುವರಿ ಅಂತ ದೊಡ್ಡ ಜಗಳಕ್ಕೆ ಮೊದ್ಲೇ ಕೈ ಹಾಕ್ಬೇಡಿ, ಬೀದಿ ದೀಪ, ನೀರಿನ ಟೈಮು ಇಂಥದ್ದು ತಗೊಳ್ಳಿ. ಮೆಂಬರ್‌ಗಳು ಅಡ್ಡ ಬರ್ತಾರೆ, ಜನರನ್ನ ನೇರ ಕೇಳಿದ್ರೆ ನಮ್ ಮಾತಿಗೆ ಬೆಲೆ ಎಲ್ಲಿ ಅಂತ ಅವ್ರಿಗೂ ಭಯ ಇರುತ್ತೆ. ಸಭೆಗೂ ಮುಂಚೆ ಅಧ್ಯಕ್ಷರ ಜೊತೆ, ಮೆಂಬರ್‌ಗಳ ಜೊತೆ ಕೂತು ನಡುವೆ ಗೆರೆ ಎಳೆದ ಆ ಹಾಳೆ ತೋರಿಸಿ, ಆಯಾ ವಾರ್ಡಿನ ಉತ್ತರನ ಆಯಾ ಮೆಂಬರ್ ಕೈಲೇ ಓದ್ಸಿ. "ನಿಮ್ ಬೀದಿ ಲೈಟ್ ಆಯ್ತು ಕಣಕ್ಕ" ಅಂತ ಹೇಳೋ ಅವಕಾಶನ ಯಾವ್ ಮೆಂಬರ್ ಬಿಡ್ತಾರೆ ಹೇಳಿ.