ವಿದೇಶದಲ್ಲಿ ವರದಿಗಾರಿಕೆ: ನಾನು ಕೆಲಸ ಮಾಡಿದ ಬಗೆ

ಪತ್ರಿಕೆ ನನ್ನನ್ನು ಹೊಸ ದೇಶಕ್ಕೆ ಕಳಿಸಿದಾಗಲೆಲ್ಲ ಮೊದಲು ನೋಡಿಕೊಳ್ಳುತ್ತಿದ್ದದ್ದು ವೀಸಾ ಮತ್ತು ಪ್ರೆಸ್ ಕಾರ್ಡ್. ಚೀನಾದಲ್ಲಿ ನೆಲೆಸುವ ಪತ್ರಕರ್ತರಿಗೆ ಜೆ-1 ವೀಸಾ, ಸ್ವಲ್ಪ ದಿನಕ್ಕೆ ಬಂದು ಹೋಗುವವರಿಗೆ ಜೆ-2. ಅಮೆರಿಕದಲ್ಲಾದರೆ ಐ ವೀಸಾ. ಸರ್ಕಾರಗಳ ನಡುವೆ ಮನಸ್ತಾಪ ಬಂದರೆ ಮೊದಲ ಪೆಟ್ಟು ಬೀಳುವುದೂ ಇದಕ್ಕೇ. 2023ರಲ್ಲಿ ಭಾರತ, ಚೀನಾ ಎರಡೂ ಪರಸ್ಪರರ ಪತ್ರಕರ್ತರ ವೀಸಾ ನವೀಕರಿಸದೆ ಬಿಟ್ಟವು. ಬೀಜಿಂಗ್‌ನಲ್ಲಿದ್ದ ಭಾರತೀಯ ವರದಿಗಾರರು ಒಬ್ಬೊಬ್ಬರಾಗಿ ಹೊರಡಬೇಕಾಯಿತು. ಅಲ್ಲೇ ಇದ್ದು ನೋಡಿ ಬರೆಯುವವರು ಇಲ್ಲದಂತಾದದ್ದು ಓದುಗರಿಗೆ ಆದ ದೊಡ್ಡ ನಷ್ಟ.

ಯಾಕೆಂದರೆ ಈ ಕೆಲಸದ ಬಹುಪಾಲು ನಡೆಯುವುದು ಸುದ್ದಿಯೇ ಇಲ್ಲದ ದಿನಗಳಲ್ಲಿ. ಬೆಳಿಗ್ಗೆ ಅಲ್ಲಿನ ಪತ್ರಿಕೆಗಳನ್ನು ಓದುತ್ತಿದ್ದೆ. ನ್ಯಾಯಾಲಯದ ಸುದ್ದಿ, ಧಾನ್ಯದ ಬೆಲೆ, ಮರಣ ಪ್ರಕಟಣೆ, ಯಾವುದನ್ನೂ ಬಿಡುತ್ತಿರಲಿಲ್ಲ. ಆಮೇಲೆ ಜನರನ್ನು ನೋಡಲು ಹೊರಡುತ್ತಿದ್ದೆ. ವಕೀಲರು, ನಿವೃತ್ತ ಅಧಿಕಾರಿಗಳು, ಲಾರಿ ಮಾಲೀಕರು, ಶಾಲಾ ಶಿಕ್ಷಕರು. ಏನೂ ಬರೆಯುವುದಿಲ್ಲ, ಸುಮ್ನೆ ಮಾತಾಡೋಣ ಎಂದೇ ಹೋಗುತ್ತಿದ್ದೆ. ಗಲಭೆಯೋ ಸೇನಾ ದಂಗೆಯೋ ಆದ ರಾತ್ರಿ, ಪರಿಚಯವಿಲ್ಲದ ವಿದೇಶಿಯ ಫೋನನ್ನು ಯಾರು ಎತ್ತುತ್ತಾರೆ? ಇವರು ಎತ್ತುತ್ತಿದ್ದರು.

ಕ್ರಿಮಿಯಾ ಯುದ್ಧದ ವರದಿ ಎಂದರೆ ಲಂಡನ್ನಿನ ಟೈಮ್ಸ್ ಪತ್ರಿಕೆಯ ವಿಲಿಯಂ ಹೋವರ್ಡ್ ರಸೆಲ್ ಹೆಸರು ಬರುತ್ತದೆ. ನನಗೆ ಅದೇ ಪತ್ರಿಕೆಯ ಥಾಮಸ್ ಚೆನರಿ ಜಾಸ್ತಿ ಹತ್ತಿರದವರು. ಅವರಿದ್ದದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ರಣರಂಗದಿಂದ ದೂರ. ಗಾಯಾಳು ಸೈನಿಕರಿಗೆ ವೈದ್ಯರಿಲ್ಲ, ದಾದಿಯರಿಲ್ಲ, ಬ್ಯಾಂಡೇಜಿಗೆ ಬಟ್ಟೆಯೂ ಇಲ್ಲ ಎಂದು 1854ರ ಅಕ್ಟೋಬರ್‌ನಲ್ಲಿ ಬರೆದವರು ಅವರೇ. ಅದೇ ತಿಂಗಳು ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ತಂಡದೊಂದಿಗೆ ಅಲ್ಲಿಗೆ ಹೊರಟರು.

ಇನ್ನು ಫಿಕ್ಸರ್, ಅಂದರೆ ವಿದೇಶಿ ವರದಿಗಾರರ ಜೊತೆ ಕೆಲಸ ಮಾಡುವ ಸ್ಥಳೀಯರ ವಿಷಯ. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ದಾರಿ, ಭಾಷೆ, ಯಾರ ಮಾತನ್ನು ಎಷ್ಟು ನಂಬಬೇಕು, ಎಲ್ಲವೂ ಆ ಸ್ಥಳೀಯ ಸಹೋದ್ಯೋಗಿಗೆ ಗೊತ್ತಿರುತ್ತದೆ. ಬಹಳಷ್ಟು ಸಲ ಅವರೇ ಒಳ್ಳೆಯ ಪತ್ರಕರ್ತರೂ ಆಗಿರುತ್ತಾರೆ. ಸಂದರ್ಶನದಲ್ಲಿ ನಾನು ಮಾತಾಡುವವರ ಮುಖ ನೋಡುತ್ತಾ ಕೂರುತ್ತಿದ್ದೆ, ಫಿಕ್ಸರ್ ಪಕ್ಕದಲ್ಲಿ. ಚಿಕ್ಕ ಪ್ರಶ್ನೆ, ಒಂದು ಸಲಕ್ಕೆ ಒಂದೇ. ‘ಅವರು ಹೀಗೆ ಹೇಳ್ತಿದ್ದಾರೆ’ ಎಂದು ಸಾರಾಂಶ ಕೊಡಬೇಡಿ, ಅವರು ‘ನಾನು’ ಅಂದರೆ ನೀವೂ ‘ನಾನು’ ಎಂದೇ ಹೇಳಿ ಎಂದು ಮೊದಲೇ ಕೇಳಿಕೊಳ್ಳುತ್ತಿದ್ದೆ. ವಾಪಸ್ ಬರುವಾಗ ಕಾರಿನಲ್ಲೇ ಇಬ್ಬರೂ ನೋಟ್ಸ್ ತಾಳೆ ನೋಡುತ್ತಿದ್ದೆವು. ಒಂದು ದಾರಿಯಲ್ಲಿ ಹೋಗುವುದು ಬೇಡ ಎಂದು ಅವರು ಹೇಳಿದರೆ ನಾನು ಮರುಮಾತಾಡುತ್ತಿರಲಿಲ್ಲ. ಸಶಸ್ತ್ರ ಸಂಘರ್ಷದಲ್ಲಿ ಪತ್ರಕರ್ತರನ್ನು ನಾಗರಿಕರೆಂದೇ ಕಾಣಬೇಕು ಎಂದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್‌ನ 79ನೇ ವಿಧಿ ಹೇಳುತ್ತದೆ. ಚೆಕ್‌ಪೋಸ್ಟಿನಲ್ಲಿ ಬಂದೂಕು ಹಿಡಿದ ಹುಡುಗ ಅದನ್ನು ಓದಿರುವುದಿಲ್ಲ.

ನಾನು ವಿಮಾನ ಹತ್ತಿ ಹೊರಟುಬಿಡಬಹುದು, ಫಿಕ್ಸರ್ ಅಲ್ಲೇ ಉಳಿಯುತ್ತಾರೆ. ಹಾಗಾಗಿ ಬೈಲೈನಿನಲ್ಲಿ, ಅಂದರೆ ವರದಿ ಮಾಡಿದವರ ಹೆಸರು ಹಾಕುವ ಸಾಲಿನಲ್ಲಿ, ಅವರ ಹೆಸರು ಬೇಕೋ ಬೇಡವೋ ಎಂದು ಪ್ರತಿ ವರದಿಗೂ ಕೇಳುತ್ತಿದ್ದೆ. ಅವರ ಸಂಭಾವನೆ, ವಿಮೆ ಎರಡನ್ನೂ ಹೊರಡುವ ಮೊದಲೇ ನಮ್ಮ ಪತ್ರಿಕೆಯ ಸಂಪಾದಕೀಯ ಡೆಸ್ಕ್‌ನಿಂದ ಬರಹದಲ್ಲಿ ಪಡೆಯುತ್ತಿದ್ದೆ. ಇದಕ್ಕಾಗಿ ಜಗಳವನ್ನೂ ಆಡಿದ್ದೇನೆ.

ಬರೆಯುವ ವಿಷಯದಲ್ಲಿ ಹೇಳುವುದು ಕಡಿಮೆ. ರಾಯಿಟರ್ಸ್, ಎಪಿ, ಎಎಫ್‌ಪಿಯಂಥ ಸುದ್ದಿಸಂಸ್ಥೆಗಳು ಸತ್ತವರ ಸಂಖ್ಯೆಯನ್ನು ನಿಮಿಷಗಳಲ್ಲಿ ಡೆಸ್ಕ್‌ಗೆ ಮುಟ್ಟಿಸುತ್ತವೆ. ಅವರ ಜೊತೆ ಓಟಕ್ಕೆ ಬೀಳದೆ, ಇದು ಯಾಕಾಯಿತು, ಯಾರಿಗೆ ಏನಾಯಿತು ಎಂಬುದನ್ನು ಬರೆಯುತ್ತಿದ್ದೆ. ಕಾಲು ಇಡದ ಊರಿನ ಹೆಸರನ್ನು ಡೇಟ್‌ಲೈನ್‌ಗೆ, ಅಂದರೆ ವರದಿ ಎಲ್ಲಿಂದ ಬಂತು ಎಂದು ಹೇಳುವ ಮೊದಲ ಸಾಲಿಗೆ, ಹಾಕುತ್ತಿರಲಿಲ್ಲ. ಡೆಸ್ಕ್‌ನಲ್ಲಿ ಪುಟ ಕಟ್ಟುವ ಹೊತ್ತು ನನಗೆ ನಡುರಾತ್ರಿಯೋ ಮಧ್ಯಾಹ್ನವೋ ಆಗಿರುತ್ತಿತ್ತು, ಹಾಗಾಗಿ ಹಿನ್ನೆಲೆಯ ಪ್ಯಾರಾಗಳನ್ನು ಮೊದಲೇ ಬರೆದಿಡುತ್ತಿದ್ದೆ.

ಪೋಸ್ಟಿಂಗ್ ಮುಗಿದಾಗ ನಂಬರುಗಳ ಪುಸ್ತಕವನ್ನು ಮುಂದಿನವರಿಗೆ ಹಾಗೇ ಕೊಟ್ಟುಬಿಡುತ್ತಿರಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳುತ್ತಿದ್ದೆ. ಒಪ್ಪಿದವರ ಮನೆಗೆ ಹೊಸ ವರದಿಗಾರರನ್ನು ಕರೆದುಕೊಂಡು ಹೋಗಿ ಪರಿಚಯಿಸುತ್ತಿದ್ದೆ. ಒಪ್ಪದವರ ಪುಟ ಹರಿದು ಹಾಕುತ್ತಿದ್ದೆ.